ಕಣ್ಣು ಗೇಜಿನ ಮೇಲೆಯೇ ಇತ್ತು: ನೋಟ ಗುರುತಿಸುವ ವಿ.ಆರ್. ತರಬೇತಿಯೊಂದಿಗೆ 14 ತಿಂಗಳು

ತಲೆಗೆ ಹಾಕಿಕೊಂಡರೆ ಯಂತ್ರದ ಕೆಲಸವನ್ನು ಕಣ್ಣೆದುರು ಕೃತಕವಾಗಿ ಮೂಡಿಸಿ ಕಲಿಸುವ, ಕಲಿಯುವವನ ಕಣ್ಣು ಎತ್ತ ನೋಡುತ್ತಿದೆಯೆಂದೂ ಗುರುತಿಸುವ ಈ ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಪೀಣ್ಯದ ನಮ್ಮ ಪ್ರೆಸ್ ಶಾಪ್‌ಗೆ ಬಂದು 14 ತಿಂಗಳಾಯಿತು. ಎರಡು ಬೇಕೆಂದು ಕೇಳಿದ್ದೆ, ಒಂದಕ್ಕಷ್ಟೇ ಮಂಜೂರಾತಿ ಸಿಕ್ಕಿತು. ಹಾಗಾಗಿ ಹೊಸಬರು ಆರು ಮಂದಿ ಸರದಿಯ ಮೇಲೆ ಕಲಿಯುತ್ತಾರೆ.

ಶಿಫ್ಟಿನ ಸೈರನ್ ಕೂಗುವ ಮುಂಚೆ ಅದನ್ನು ಸಿದ್ಧಪಡಿಸುವುದು ನನಗೆ ದೇವರ ದೀಪ ಒರೆಸಿಡುವಷ್ಟೇ ರೂಢಿಯಾಗಿದೆ. ಮೊದಲು ಮೆತ್ತನೆಯ ಬಟ್ಟೆಯಿಂದ ಲೆನ್ಸ್, ಆಮೇಲೆ ಅದರ ಸುತ್ತಲಿನ ಸಣ್ಣ ಇನ್‌ಫ್ರಾರೆಡ್ ದೀಪಗಳು. ಆ ದೀಪಗಳು ಕಣ್ಣಿನಲ್ಲಿ ಮೂಡಿಸುವ ಮಿನುಗನ್ನೂ ಪಾಪೆಯ ನಡುವನ್ನೂ ಹೋಲಿಸಿ ನೋಟದ ದಿಕ್ಕನ್ನು ಲೆಕ್ಕಹಾಕುವುದರಿಂದ, ಗ್ರೀಸ್ ಬೆರಳಿನ ಒಂದು ಗುರುತು ಬಿದ್ದರೂ ಲೆಕ್ಕ ತಪ್ಪುತ್ತದೆ. ದಟ್ಟ ಕಾಡಿಗೆಯನ್ನು ಅದು ಪಾಪೆಯೆಂದೇ ತಿಳಿಯುವುದುಂಟು. ಅದನ್ನು ಒರೆಸಿಕೊಳ್ಳಲು ಮೇಜಿನ ಮೇಲೆ ಒದ್ದೆ ಹತ್ತಿಯೂ ಇರುತ್ತದೆ. ಬಳಿಕ ಐದು ಚುಕ್ಕೆಗಳ ಕ್ಯಾಲಿಬ್ರೇಷನ್, ಅಂದರೆ ಒಂದೊಂದು ಚುಕ್ಕೆಯನ್ನೂ ದಿಟ್ಟಿಸಿ ಲೆಕ್ಕವನ್ನು ಆಯಾ ಕಣ್ಣಿಗೆ ಹೊಂದಿಸುವುದು.

ನಾವು ಹೆಚ್ಚು ಬಳಸುವುದು ಬೀಗ ಹಾಕುವ ಪಾಠವನ್ನು. ಹೈಡ್ರಾಲಿಕ್ ಪ್ರೆಸ್ಸಿನ ಕರೆಂಟ್ ತೆಗೆದು, ಬೇರೆ ಯಾರೂ ಚಾಲೂ ಮಾಡದಂತೆ ತನ್ನದೇ ಬೀಗ ಜಡಿದರೂ ಅಕ್ಯುಮ್ಯುಲೇಟರಿನಲ್ಲಿ (ಒತ್ತಡದ ಎಣ್ಣೆ ಕೂಡಿಟ್ಟಿರುವ ಪಾತ್ರೆಯಲ್ಲಿ) ಒತ್ತಡ ಉಳಿದಿರಬಹುದಾದ್ದರಿಂದ, ಅದನ್ನು ಇಳಿಸಿ, ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗೆ ಬಂದದ್ದನ್ನು ನೋಡಿದ ಮೇಲಷ್ಟೇ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಬಳಿ ಕೈ ಹೋಗಬೇಕು. ಕಲಿಯುವವನ ನೋಟ ಗೇಜನ್ನು ಮುಟ್ಟದಿದ್ದರೆ ಪಾಠ ನಿಂತು ಗೇಜು ಹೊಳೆಯುತ್ತದೆ. ಪಳಗಿದಂತೆ ಸುಳಿವುಗಳು ಕಡಿಮೆಯಾಗುತ್ತವೆ. "ನೋಡಿದ್ದೆ ಸಾರ್" ಎಂದು ಆಣೆಯಿಟ್ಟ ಹುಡುಗನೊಬ್ಬ, ತನ್ನ ನೋಟವೆಲ್ಲ ಬೀಗದ ಸುತ್ತಲೇ ಕೆಂಪಗೆ ಗುಡ್ಡೆಯಾಗಿದ್ದ ಚಿತ್ರ ಕಂಡು ತಾನೇ ನಕ್ಕ. ಹೆಡ್‌ಸೆಟ್ಟಿಗೆ ಕೊಟ್ಟ ಹಣ ಆ ದಿನ ಸಾರ್ಥಕವೆನಿಸಿತ್ತು.

ನಾಲ್ಕನೆಯ ತಿಂಗಳು ಒಮ್ಮೆ, ಯಾರಿಗೂ ಹೇಳದೆ, ಮುಳ್ಳು ಸೊನ್ನೆಗೆ ಇಳಿಯದಂತೆ ಪಾಠವನ್ನು ಬದಲಿಸಿಟ್ಟೆ. ಆರರಲ್ಲಿ ನಾಲ್ವರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಗೇಜನ್ನು ದಿಟ್ಟಿಸಿ, ಹಸಿರು ಗುರುತು ಪಡೆದು, ನೇರವಾಗಿ ಡೈಗೆ ಕೈ ಹಾಕಿದರು. ಮುಳ್ಳು ಎಲ್ಲಿತ್ತೆಂದು ಕೇಳಿದರೆ ಒಬ್ಬನ ಬಾಯಿಂದಲೂ ಉತ್ತರವಿಲ್ಲ. ಅಲ್ಲಿ ಕಣ್ಣು ನೆಟ್ಟರೆ ಮುಂದಿನ ಹಂತ ತೆರೆಯುತ್ತದೆ ಎಂಬುದನ್ನಷ್ಟೇ ಅವರು ಕಲಿತಿದ್ದರು, ಕಲಿಸಿದವನು ನಾನೇ. ಅತ್ತ, ಪಂಪಿನ ಸದ್ದು ಇಳಿದದ್ದನ್ನು ಕಿವಿಯಲ್ಲೇ ಹಿಡಿದು ಗೇಜಿನತ್ತ ಒಮ್ಮೆ ಕಣ್ಣು ಹಾಯಿಸುವ ನಮ್ಮ ಹಿರಿಯ ಫಿಟ್ಟರ್‌ನನ್ನು ಅದೇ ಪಾಠ ಮೂರು ಬಾರಿ ಹಿಂದಕ್ಕೆ ಕಳಿಸಿತು. ಅವರು ಹೆಡ್‌ಸೆಟ್ ಕಳಚಿ ಮೇಜಿನ ಮೇಲಿಟ್ಟು ಟೀಗೆ ಹೋದರು.

(ಪಾಪೆ ಹಿಗ್ಗಿದರೆ ತಲೆಗೆ ಭಾರವಾಗಿದೆಯೆಂದು ಪಾಠವನ್ನು ನಿಧಾನಗೊಳಿಸುವ ಸೌಲಭ್ಯವೂ ಇದೆ. ಕತ್ತಲಿಗೂ ಪಾಪೆ ಹಿಗ್ಗುತ್ತದಲ್ಲ. ಪ್ಯಾನೆಲ್ಲಿನೊಳಗೆ ಇಣುಕಿದಾಗಲೆಲ್ಲ ಪಾಠ ಕುಂಟುತ್ತಿದ್ದುದರಿಂದ ಅದನ್ನು ಮೊದಲ ವಾರವೇ ಆರಿಸಿದ್ದೆ.)

ಈಗ ನೋಟದ ಅವಧಿಯ ಮೇಲೆ ಯಾರನ್ನೂ ತೇರ್ಗಡೆ ಮಾಡುವುದಿಲ್ಲ. ಮುಳ್ಳು ಪ್ರತಿ ಸಲವೂ ಬೇರೆ ಕಡೆ ನಿಲ್ಲುತ್ತದೆ, ಕಲಿಯುವವನು ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು. ನೋಟದ ಚಿತ್ರ ಪಾಠ ಮುಗಿದ ಮೇಲಿನ ಮಾತುಕತೆಗೆ ಮಾತ್ರ. ಹೀಗೆ ಬಳಸಿದರೆ ಇದು ಒಳ್ಳೆಯ ಸಾಧನವೇ, ಆದರೆ ಪಕ್ಕದಲ್ಲಿ ತರಬೇತುದಾರನಿಲ್ಲದ ಶಾಪ್‌ನವರಿಗೆ ಕೊಳ್ಳಿರೆಂದು ಹೇಳಲಾರೆ. ಎರಡನೆಯ ಹೆಡ್‌ಸೆಟ್ಟಿನ ಕೋರಿಕೆಯನ್ನು ನಾನು ಹಿಂದಕ್ಕೆ ಪಡೆದು, ಗುಜರಿಗೆ ಹೊರಟಿದ್ದ ಒಂದು ಗೇಜನ್ನೂ ವಾಲ್ವನ್ನೂ ಹಲಗೆಗೆ ಬಿಗಿಸಿಕೊಡಿ ಎಂದು ಸ್ಟೋರ್ಸಿಗೆ ಬರೆದಿದ್ದೇನೆ.