ಓಕ್ ಪಾರ್ಕೋ, ಶಾಂಬರ್ಗೋ?

ಶಿಕಾಗೋದಲ್ಲಿ ಕೆಲಸ ಸಿಕ್ಕಿದೆ, ಮನೆ ಯಾವ ಕಡೆ ಮಾಡೋಣ ಎಂದು ಕೇಳಿದ್ದೀರಿ. ಓಕ್ ಪಾರ್ಕ್, ಶಾಂಬರ್ಗ್ ಎರಡೂ ಶಿಕಾಗೋ ಹೊರವಲಯದ ಊರುಗಳು; ಇಲಿನಾಯ್ ರಾಜ್ಯದಲ್ಲಿ 'ವಿಲೇಜ್' ಎನ್ನುವ, ತಮ್ಮದೇ ಸ್ಥಳೀಯ ಆಡಳಿತವಿರುವ ಊರುಗಳೇ, ಆದರೆ ಬೆಳೆದ ರೀತಿಯೇ ಬೇರೆ.

ಓಕ್ ಪಾರ್ಕ್ ರೈಲಿನ ಜೊತೆ ಬೆಳೆದದ್ದು. 1930ರಲ್ಲೇ ಜನಸಂಖ್ಯೆ ಸುಮಾರು 64 ಸಾವಿರ, 2020ರಲ್ಲಿ 54 ಸಾವಿರದ ಆಸುಪಾಸು. ಶಾಂಬರ್ಗ್ 1956ರಲ್ಲಿ ವಿಲೇಜ್ ಆದಾಗ ಅಲ್ಲಿದ್ದವರು 130 ಜನ! ಹೆದ್ದಾರಿಗಳು ಬಂದವು, 1971ರಲ್ಲಿ ವುಡ್‌ಫೀಲ್ಡ್ ಮಾಲ್ ತೆರೆಯಿತು, 2020ರಲ್ಲಿ ಜನಸಂಖ್ಯೆ 78 ಸಾವಿರ ದಾಟಿತ್ತು.

ಓಡಾಟವೇ ಮುಖ್ಯವಾದರೆ ಓಕ್ ಪಾರ್ಕ್: ಗ್ರೀನ್, ಬ್ಲೂ ಎರಡೂ ಲೈನ್ ರೈಲು ನಗರದ ನಡುವಿಗೇ ಒಯ್ಯುತ್ತವೆ. ಶಾಂಬರ್ಗ್‌ನಲ್ಲಿ ಮೆಟ್ರಾ (ಉಪನಗರ ರೈಲು) ನಿಲ್ದಾಣವಿದ್ದರೂ ಕಾರಿಲ್ಲದೆ ದಿನ ಸಾಗುವುದು ಕಷ್ಟ. ಆಫೀಸು ಆ ಕಡೆಯೇ ಇದ್ದರೆ, ಓಹೇರ್ ವಿಮಾನ ನಿಲ್ದಾಣಕ್ಕೆ ಪದೇಪದೇ ಹೋಗುವವರಾದರೆ ಅದೇ ಅನುಕೂಲ.

ಮನೆಗಳ ವಿಚಾರ: ಓಕ್ ಪಾರ್ಕ್‌ನಲ್ಲಿ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಮನೆಗಳಿರುವ ಬೀದಿಗಳಲ್ಲಿ ನಡೆಯುವುದೇ ಒಂದು ಸುಖ. ಹಳೆ ಮನೆಗೆ ರಿಪೇರಿ ಖರ್ಚು ಇದ್ದದ್ದೇ, ಆಸ್ತಿ ತೆರಿಗೆಯೂ ಭಾರ. ಗ್ಯಾರೇಜು, ಹೊಸ ಕಾಲದ ಅಡುಗೆಮನೆ ಬೇಕೆಂದರೆ ಶಾಂಬರ್ಗ್ ನೋಡಿ.

ನನಗೆ ಓಕ್ ಪಾರ್ಕ್ ಬಗ್ಗೆ ವಿಶೇಷ ಗೌರವ. ಕಪ್ಪು ಜನ ನೆರೆಗೆ ಬಂದರೆಂದು ಸುತ್ತಲ ಬಡಾವಣೆಗಳಿಂದ ಬಿಳಿಯರು ಗುಳೆ ಹೊರಟಿದ್ದ ಕಾಲದಲ್ಲಿ, 1968ರಲ್ಲೇ, ಮನೆ ಕೊಡುವಾಗ ಜನಾಂಗ ನೋಡಬಾರದೆಂದು ಅದು ಕಾನೂನು ಮಾಡಿತು. ಆದರೆ ದಿನಸಿಗೆ ದೇಸಿ ಅಂಗಡಿ, ಹಬ್ಬಕ್ಕೆ ನಮ್ಮವರ ನಂಟು ಬೇಕೆನ್ನುವ ಸಂಸಾರಕ್ಕೆ ಶಾಂಬರ್ಗ್ ಕಡೆಯೇ ಹತ್ತಿರ.