ಪುಣೆಯಲ್ಲಿ ಕುಳಿತು ಅಮೆರಿಕದ ಕಾಲೇಜು ಫುಟ್‌ಬಾಲ್: ಒಂದು ಸ್ಟ್ರೀಮಿಂಗ್ ಸೇವೆಯ ವಿಮರ್ಶೆ

ಮಗಳು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವುದರಿಂದ, ಪುಣೆಯ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಕಾಲೇಜು ಫುಟ್‌ಬಾಲ್ ತೋರಿಸುವ ಸ್ಟ್ರೀಮಿಂಗ್ ಸೇವೆಯೊಂದಕ್ಕೆ ವರ್ಷದ ಚಂದಾ ಕಟ್ಟಿದ್ದೆವು. ಚಿತ್ರ ಸ್ಪಷ್ಟವಾಗಿದೆ, ಪಂದ್ಯ ನಡುವೆ ನಿಲ್ಲುವುದಿಲ್ಲ. ತೊಂದರೆ ಇರುವುದು ಪಂದ್ಯಗಳ ಪಟ್ಟಿಯಲ್ಲಿ. 2024ರಲ್ಲಿ ವಾಷಿಂಗ್ಟನ್, ಒರೆಗಾನ್ ಮತ್ತು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ವಿಶ್ವವಿದ್ಯಾಲಯಗಳ ತಂಡಗಳು ಪ್ಯಾಕ್-12 ಎಂಬ ಕಾಲೇಜು ಕ್ರೀಡಾ ಒಕ್ಕೂಟವನ್ನು ತೊರೆದು ಬಿಗ್ ಟೆನ್ ಎಂಬ ಇನ್ನೊಂದು ಒಕ್ಕೂಟವನ್ನು ಸೇರಿದಾಗ ಬಿಗ್ ಟೆನ್‌ನ ಸದಸ್ಯಬಲ 18ಕ್ಕೇರಿತು. ಶತಮಾನದ ಪರಂಪರೆಯಿದ್ದ ಪ್ಯಾಕ್-12ರಲ್ಲಿ ಆ ಋತುವಿಗೆ ಎರಡೇ ತಂಡಗಳು ಉಳಿದವು. ಸೇವೆಯ ಪಟ್ಟಿ ಮಾತ್ರ ಹಳೆಯ ಗುಂಪುಗಳನ್ನೇ ತೋರಿಸುತ್ತಿದ್ದುದರಿಂದ, ಹುಡುಕುವುದರಲ್ಲೇ ಎಷ್ಟೋ ಸಲ ಮೊದಲ ಕ್ವಾರ್ಟರ್ ಮುಗಿದುಹೋಗುತ್ತಿತ್ತು.

ಸಮಯ ತಿಳಿಸುವ ಸೂಚನೆ ಚೆನ್ನಾಗಿದೆ. ಪಶ್ಚಿಮ ಕರಾವಳಿಯ ಸಂಜೆ 7.30ರ ಪಂದ್ಯ ನಮಗೆ ಭಾನುವಾರ ಬೆಳಿಗ್ಗೆ 8ಕ್ಕೆ, ತಿಂಡಿಯ ಹೊತ್ತಿಗೆ ಬರುತ್ತದೆ. ಪೂರ್ವದ ಊರುಗಳಲ್ಲಿ ಮಧ್ಯಾಹ್ನ 12ಕ್ಕೆ ಶುರುವಾಗುವ ಪಂದ್ಯ ಶನಿವಾರ ರಾತ್ರಿ 9.30ಕ್ಕೇ ಸಿಗುತ್ತದೆ. ಒಕ್ಕೂಟ ಹಿಗ್ಗಿದ್ದರಿಂದ ನಮ್ಮಂಥ ದೂರದ ವೀಕ್ಷಕರಿಗೆ ಹೀಗೆ ಅನುಕೂಲವಾಗಿದೆ. ಆದರೆ ಟಿವಿ ಹಕ್ಕುಗಳ ಹಣಕ್ಕಾಗಿ ನಡೆದ ಈ ಬದಲಾವಣೆಯ ಭಾರ ವಾಲಿಬಾಲ್, ಸಾಫ್ಟ್‌ಬಾಲ್ ಆಡುವ ವಿದ್ಯಾರ್ಥಿಗಳ ಮೇಲೂ ಬಿದ್ದಿದೆ: ಲಾಸ್ ಏಂಜಲೀಸ್‌ನವರು ತರಗತಿ ಬಿಟ್ಟು ದೇಶದ ಇನ್ನೊಂದು ತುದಿಯ ನ್ಯೂಜೆರ್ಸಿಯವರೆಗೆ ಹಾರಬೇಕಾಗುತ್ತದೆ. ಅವರ ಪಂದ್ಯಗಳನ್ನು ಈ ಸೇವೆ ತೋರಿಸುವುದೇ ಇಲ್ಲ, ಇದು ನನಗೆ ನಿಜಕ್ಕೂ ಬೇಸರ ತಂದಿದೆ. ಪಟ್ಟಿಯನ್ನು ಸರಿಪಡಿಸಿದರೆ ಮಾತ್ರ ಚಂದಾ ಮುಂದುವರಿಸುತ್ತೇವೆ.