ಜಾಂಗೋ: ಬರೆದದ್ದನ್ನೇ ಬರೆಯುವ ಕಾಟ ಕಮ್ಮಿ

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಲೆಕ್ಕ ಇಡುವ ವೆಬ್ ಅಪ್ಲಿಕೇಶನ್ ಮಾಡಿಕೊಟ್ಟೆ, ಪೂರ್ತಿ ಜಾಂಗೋದಲ್ಲಿ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಫ್ರೇಮ್‌ವರ್ಕಿನಲ್ಲಿ. ರೈತರು, ಲಾಟು, ರಾಶಿ-ಬೆಟ್ಟೆ-ಸರಕು-ಗೊರಬಲು ಅಂತ ಬಗೆ, ತೂಕ, ದರ. ಒಂದೊಂದಕ್ಕೂ ನೋಡುವ ಪುಟ, ಸೇರಿಸುವ ಫಾರ್ಮ್, ತಿದ್ದುವ ಫಾರ್ಮ್ ಬೇಕು. ಕೋಡ್ ಹುಟ್ಟಿಸುವ ಟೂಲ್ ಓಡಿಸಿದರೆ ಇವೆಲ್ಲ ಕ್ಷಣದಲ್ಲಿ ಬರುತ್ತವೆ ನಿಜ, ಆದರೆ ನಾಳೆ ಮಂಡಿಯವರು ತೇವಾಂಶದ ಕಾಲಂ ಒಂದು ಸೇರಿಸಿ ಅಂದರೆ ಆ ಫೈಲುಗಳಲ್ಲೆಲ್ಲ ಕೈಯಾಡಿಸುವವರು ನಾವೇ, ಅಲ್ವಾ?

ಜಾಂಗೋ ಹಾಗೆ ಫೈಲು ಸುರಿಯುವುದಿಲ್ಲ. ಮಾಡೆಲ್ ಕ್ಲಾಸಿನಲ್ಲಿ (ಯಾವ ಯಾವ ಕಾಲಂ ಬೇಕು ಅಂತ ನಾವು ಬರೆದಿಡುವ ಕಡೆ) ಏನಿದೆ ಅಂತ ಪ್ರೋಗ್ರಾಂ ಓಡುವಾಗಲೇ ನೋಡಿಕೊಂಡು ಫಾರ್ಮ್ ಕಟ್ಟುತ್ತದೆ. ಮಾಡೆಲ್‌ಫಾರ್ಮ್‌ಗೆ ಯಾವ ಮಾಡೆಲ್, ಯಾವ ಫೀಲ್ಡ್ ಅಂತ ಹೇಳಿದರೆ ಸಾಕು. ತೂಕಕ್ಕೆ ಡೆಸಿಮಲ್ ಫೀಲ್ಡ್ (ದಶಮಾಂಶ ಸಂಖ್ಯೆ) ಇಟ್ಟಿದ್ದರೆ, ಯಾರಾದರೂ ಅಲ್ಲಿ ಅಕ್ಷರ ಹೊಡೆದಾಗ ಫಾರ್ಮೇ ತಪ್ಪು ತೋರಿಸುತ್ತದೆ. (ಡೇಟಾಬೇಸಿನ ಟೇಬಲ್ ಬದಲಿಸುವ ಮೈಗ್ರೇಶನ್ ಫೈಲು ಮಾತ್ರ ತಾನೇ ಬರೆದುಕೊಡುತ್ತದೆ, ಅದೊಂದು ಬಿಡಿ.) ಡೇಟಾ ಸೇರಿಸಿ ತಿದ್ದುವ ಸಿದ್ಧ ಪುಟಗಳಿರುವ ಅಡ್ಮಿನ್ ಅಂತೂ ಒಂದು ಸಾಲು ರಿಜಿಸ್ಟರ್ ಮಾಡಿದರೆ ಮುಗೀತು, ಗುಮಾಸ್ತರು ಎಂಟ್ರಿ ಹಾಕುವುದು ಅದರಲ್ಲೇ.

ಬೇಜಾರು ಇರುವುದು 2011ರಲ್ಲಿ 1.3 ಆವೃತ್ತಿಯ ಜೊತೆ ಬಂದ ಕ್ಲಾಸ್ ಆಧಾರಿತ ವ್ಯೂಗಳ (ವ್ಯೂ ಅಂದರೆ ಪುಟ ತಯಾರಿಸಿ ಕೊಡುವ ಕೋಡ್) ಬಗ್ಗೆ. ಪಟ್ಟಿ ತೋರಿಸುವ ಸರಳ ಪುಟಕ್ಕೆ ಲಿಸ್ಟ್‌ವ್ಯೂ ಎರಡೇ ಸಾಲು, ಚಂದ. ಸ್ವಲ್ಪ ಬೇರೆ ಥರ ಬೇಕು ಅಂದಿರೋ, ಯಾವ ಮಿಕ್ಸಿನ್‌ನಲ್ಲಿ (ಬೇರೆ ಕ್ಲಾಸಿಗೆ ಬೆರೆಸುವ ಸಣ್ಣ ಕ್ಲಾಸಿನಲ್ಲಿ) ಯಾವ ಮೆಥಡ್ ಕೂತಿದೆ ಅಂತ ಅಪ್ಪ, ಅಜ್ಜ, ಮುತ್ತಜ್ಜನ ತನಕ ಹುಡುಕಬೇಕು. ರೈತರ ಬಿಲ್ಲಿನಲ್ಲಿ ಮುಂಗಡ, ಹಮಾಲಿ ಎಲ್ಲ ಕಳೆಯಬೇಕಲ್ಲ, ಅಂಥ ಕಡೆ ಸುಮ್ನೆ ಒಂದು ಫಂಕ್ಷನ್ ಬರೆದುಬಿಡಿ. ನಾಲ್ಕು ಸಾಲು ಜಾಸ್ತಿಯಾದರೂ ಆರು ತಿಂಗಳು ಬಿಟ್ಟು ಓದಿದರೆ ಅರ್ಥವಾಗುತ್ತದೆ.